ವರ ಬೇರೆ, ಕುರ್ಚಿ ಬೇರೆ

ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ಚರ್ಚಿನ ಬಾಗಿಲಿಗೆ ಈಗ ಎರಡು ಬೀಗ. ಒಂದು ಸಭೆಯ ಕಮಿಟಿಯವರದು, ಹಳೆಯ ಹಿತ್ತಾಳೆ ಬೀಗ. ಇನ್ನೊಂದು ಹೊಸದು, ಪ್ರಾರ್ಥನೆ ನಡೆಸುವ ಬ್ರದರ್ ಕಡೆಯವರು ಸಂತೆಯಿಂದ ತಂದು ಹಾಕಿದ್ದು. ಒಬ್ಬರ ಕೀಲಿಯಿಂದ ಬಾಗಿಲು ತೆರೆಯುವುದಿಲ್ಲ, ಇಬ್ಬರೂ ಒಟ್ಟಿಗೆ ಬರುವುದಿಲ್ಲ. ಹೀಗಾಗಿ ಮೂರು ಭಾನುವಾರಗಳಿಂದ ಆರಾಧನೆ ಹೊರಗೆ ಬೇವಿನ ಮರದ ಕೆಳಗೆ ನಡೆಯುತ್ತಿದೆ. ಅದೂ ಎರಡು ಪಾಳಿ: ಒಂಬತ್ತಕ್ಕೆ ಒಂದು ಗುಂಪು, ಹನ್ನೊಂದಕ್ಕೆ ಇನ್ನೊಂದು ಗುಂಪು.

ನಾವು ಸುದ್ದಿ ಮಾಡಲು ಹೋಗಿದ್ದೆವು. ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲು: ಚರ್ಚ್ ವಿಚಾರಕ್ಕೆ ಎರಡು ಗುಂಪಿನ ನಡುವೆ ಮಾತಿನ ಚಕಮಕಿ, ಪೊಲೀಸರ ಭೇಟಿ, ಪರಿಸ್ಥಿತಿ ಶಾಂತ. ನಾಲ್ಕು ಸಾಲಿನಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಊರಿನ ಹೆಸರು, ಪಂಗಡದ ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಆ ಊರಿನ ಜಗಳ ಎಂದು ಉಳಿದ ಊರಿನವರು ಮೊಬೈಲ್ ಪಕ್ಕಕ್ಕಿಟ್ಟುಬಿಡುತ್ತಾರೆ. ಇಂಥ ಜಗಳವನ್ನು ನಾವು ಈ ಹತ್ತು ವರ್ಷಗಳಲ್ಲಿ ನಾಲ್ಕೈದು ಕಡೆ ನೋಡಿದ್ದೇವೆ. ಬೀಗ ಮಾತ್ರ ಇದೇ ಮೊದಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಾವೂ ಸಭೆಯಲ್ಲೇ ಬೆಳೆದವರು. ಭಾನುವಾರದ ಶಾಲೆಯಲ್ಲಿ ವಚನ ಬಾಯಿಪಾಠ ಮಾಡಿ ಪೆನ್ಸಿಲ್ ಬಹುಮಾನ ತೆಗೆದುಕೊಂಡವರು. ಹೊರಗಿನವರಾಗಿ ಕಲ್ಲು ಹೊಡೆಯಲು ಇದನ್ನು ಬರೆಯುತ್ತಿಲ್ಲ. ಮನೆ ಮಾತು ಬೀದಿಗೆ ತರಬೇಡಿ ಎನ್ನುವವರಿಗೆ ಒಂದೇ ಉತ್ತರ: ಮರದ ಕೆಳಗೆ ಕೂತಿರುವುದು ಈಗಾಗಲೇ ಬೀದಿಯಲ್ಲೇ.

ಜಗಳ ಶುರುವಾದದ್ದು ಹೀಗೆ. ಆ ಸಭೆಯ ಪಾಸ್ಟರ್‌ಗೆ ಆರು ಹಳ್ಳಿಗಳ ಹೊಣೆ. ಬೈಕಿನ ಮೇಲೆ ಓಡಾಡುತ್ತಾರೆ, ಈ ಊರಿಗೆ ತಿಂಗಳಿಗೆ ಒಂದು ಭಾನುವಾರ. ಉಳಿದ ಭಾನುವಾರ ಕಮಿಟಿಯವರೇ ಒಬ್ಬರು ಪ್ರಾರ್ಥನೆ ಪುಸ್ತಕ ಓದಿ, ಎರಡು ಹಾಡು ಹಾಡಿಸಿ, ಕಾಣಿಕೆ ಎತ್ತಿ ಮುಗಿಸುತ್ತಿದ್ದರು. ನಲವತ್ತು ಜನ ಸೇರಿದರೆ ಹೆಚ್ಚು. ಎರಡು ವರ್ಷದ ಹಿಂದೆ ಈ ಬ್ರದರ್ ಬಂದರು. ಯಾರ ಮನೆಯಲ್ಲಿ ಜ್ವರ ಎಂದರೂ ರಾತ್ರಿ ಹನ್ನೆರಡಕ್ಕೂ ಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವರು. ಅವರ ಮಾತು ಕೇಳಿ ನಾಲ್ಕು ಗಂಡಸರು ಕುಡಿತ ಬಿಟ್ಟಿದ್ದಾರೆ, ಅದನ್ನು ಆ ಗಂಡಸರ ಹೆಂಡಂದಿರೇ ನಮಗೆ ಹೇಳಿದರು. ಹಾಡುತ್ತಾರೆ, ಅಳುತ್ತಾರೆ, ಜನರನ್ನು ಅಳಿಸುತ್ತಾರೆ. ವರ್ಷ ತುಂಬುವುದರೊಳಗೆ ಸಭೆ ಇನ್ನೂರಕ್ಕೆ ಏರಿತು. ಕಾಣಿಕೆಯೂ ಏರಿತು. ಆ ಕಾಣಿಕೆ ಎಲ್ಲಿಗೆ ಹೋಗುತ್ತದೆ ಎಂದು ಕಾರ್ಯದರ್ಶಿ ಕೇಳಿದ ದಿನ ಮಾತು ಕೆಟ್ಟಿತು.

"ನನ್ನನ್ನು ಅಭಿಷೇಕಿಸಿದವನು ದೇವರು. ಲೆಕ್ಕ ಕೇಳೋಕೆ ನೀವ್ಯಾರು?" ಎಂದರಂತೆ ಬ್ರದರ್.

"ಸೀಲು ನಮ್ಮ ಹತ್ರ ಐತಿ, ರಿಜಿಸ್ಟರ್ ನಮ್ಮ ಹತ್ರ ಐತಿ. ನಿಮ್ಮನ್ನ ಕರೆದವ್ರು ಯಾರ್ರೀ ಇಲ್ಲಿಗೆ?" ಎಂದರಂತೆ ಕಾರ್ಯದರ್ಶಿ.

ಈ ಎರಡು ಮಾತಿನಲ್ಲೇ ಇಡೀ ರೋಗ ಇದೆ. ಒಬ್ಬರು ತಮಗಿರುವ ವರವನ್ನೇ ಕುರ್ಚಿ ಮಾಡಿಕೊಂಡಿದ್ದಾರೆ. ಇನ್ನೊಬ್ಬರು ತಮಗೆ ಸಿಕ್ಕ ಕುರ್ಚಿಯನ್ನೇ ವರ ಎಂದುಕೊಂಡಿದ್ದಾರೆ. ನಮ್ಮ ಅಭಿಪ್ರಾಯ ಇಷ್ಟೇ: ವರ ಬೇರೆ, ಕುರ್ಚಿ ಬೇರೆ. ಇದನ್ನು ನಾವು ಇಂದು ಕಂಡುಹಿಡಿದದ್ದಲ್ಲ. ಇಬ್ಬರೂ ಕೈಯಲ್ಲಿ ಹಿಡಿದುಕೊಂಡು ಓಡಾಡುವ ಪುಸ್ತಕದಲ್ಲೇ ಇದೆ.

ಸಭೆಯವರಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಯೇಸುವಿನ ನಂತರದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಪೌಲ ಎಂಬ ಬೋಧಕ ಗ್ರೀಸ್ ದೇಶದ ಕೊರಿಂಥ ಪಟ್ಟಣದ ಸಭೆಗೆ ಬರೆದ ಪತ್ರಗಳು ಬೈಬಲ್ಲಿನಲ್ಲಿವೆ. ಕೊರಿಂಥ ಬಂದರು ಪಟ್ಟಣ. ಎರಡು ಕಡೆ ಸಮುದ್ರ, ವ್ಯಾಪಾರ, ಹಣ, ಎಲ್ಲ ಬಗೆಯ ಜನ. ಅಲ್ಲಿನ ಸಭೆಯಲ್ಲೂ ಇದೇ ಜಗಳ. ಅನ್ಯಭಾಷೆಯಲ್ಲಿ ಮಾತಾಡುವವರು ತಾವೇ ದೊಡ್ಡವರು ಎನ್ನುತ್ತಿದ್ದರು. ನಾವು ಅವರ ಗುಂಪು, ನಾವು ಇವರ ಗುಂಪು ಎಂದು ಒಡೆದುಹೋಗಿದ್ದರು. ಪೌಲ ಬರೆದ ಮೊದಲನೇ ಪತ್ರದ 12ನೇ ಅಧ್ಯಾಯ ಈ ಜಗಳಕ್ಕೆ ಉತ್ತರ. ಸಭೆ ಒಂದು ದೇಹ ಇದ್ದ ಹಾಗೆ, ಕಣ್ಣು ಕೈಯನ್ನು ಬೇಡ ಎನ್ನಲಾಗದು, ತಲೆ ಕಾಲನ್ನು ಬೇಡ ಎನ್ನಲಾಗದು ಎಂಬ ಹೋಲಿಕೆ ಅಲ್ಲಿದೆ. ಈ ಹೋಲಿಕೆಯನ್ನು ಎಲ್ಲ ಪಾಸ್ಟರುಗಳೂ ಹೇಳುತ್ತಾರೆ, ಕೇಳಿ ಕೇಳಿ ನಮ್ಮ ಕಿವಿ ಸವೆದಿದೆ.

ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಒಂದು ಪಟ್ಟಿ ಇದೆ, ಅದನ್ನು ಯಾರೂ ನಿಧಾನವಾಗಿ ಓದಿಸುವುದಿಲ್ಲ. ಅಪೊಸ್ತಲರು, ಪ್ರವಾದಿಗಳು, ಉಪದೇಶಕರು ಎಂದು ಶುರುವಾಗಿ, ಅದ್ಭುತ ಮಾಡುವವರು, ರೋಗ ಗುಣಪಡಿಸುವ ವರದವರು ಬಂದ ಮೇಲೆ, ಅದೇ ಸಾಲಿನಲ್ಲಿ ಇನ್ನೆರಡು ವರ ಬರುತ್ತವೆ: ಸಹಾಯ ಮಾಡುವುದು ಒಂದು, ಆಡಳಿತ ನೋಡಿಕೊಳ್ಳುವುದು ಇನ್ನೊಂದು. ಅನ್ಯಭಾಷೆ ಆಡುವುದು ಅದಕ್ಕೂ ಆಮೇಲೆ. ಆಡಳಿತ ಎಂಬುದಕ್ಕೆ ಮೂಲ ಗ್ರೀಕಿನಲ್ಲಿ ಇರುವ ಮಾತು ಹಡಗಿನ ಚುಕ್ಕಾಣಿ ಹಿಡಿಯುವವನ ಕೆಲಸಕ್ಕೆ ಸಂಬಂಧಿಸಿದ್ದು. ಬಂದರು ಪಟ್ಟಣದವರಿಗೆ ತಟ್ಟನೆ ಅರ್ಥವಾಗಿರಬೇಕು. ಚುಕ್ಕಾಣಿ ಹಿಡಿದವನು ಹಡಗಿನ ಮಾಲೀಕನಲ್ಲ. ಆದರೆ ಅವನಿಲ್ಲದಿದ್ದರೆ ಹಡಗು ಬಂಡೆಗೆ ಹೊಡೆಯುತ್ತದೆ.

ಅಂದರೆ ಲೆಕ್ಕದ ಪುಸ್ತಕ ಸರಿಯಾಗಿ ಇಡುವುದೂ ದೇವರ ವರ, ರೋಗಿಯ ತಲೆಯ ಮೇಲೆ ಕೈಯಿಡುವುದೂ ದೇವರ ವರ, ಚಪ್ಪರಕ್ಕೆ ಗೂಟ ಹೊಡೆಯುವುದೂ ವರ. ಒಂದರ ಮೇಲೆ ಒಂದಲ್ಲ. ಪಟ್ಟಿ ಮುಗಿಸಿ ಪೌಲ ಪ್ರಶ್ನೆಗಳನ್ನೇ ಕೇಳುತ್ತಾನೆ: ಎಲ್ಲರೂ ಅಪೊಸ್ತಲರೋ? ಎಲ್ಲರಿಗೂ ಗುಣಪಡಿಸುವ ವರ ಇದೆಯೋ? ಉತ್ತರ ಇಲ್ಲ ಎಂದೇ. ನಮ್ಮ ಊರುಗಳ ಫ್ಲೆಕ್ಸ್ ನೋಡಿದರೆ ಮಾತ್ರ ಹೌದು ಎನ್ನಬೇಕು. ಒಂದೇ ಫೋಟೊದ ಕೆಳಗೆ ಅಪೊಸ್ತಲ, ಪ್ರವಾದಿ, ಬಿಷಪ್, ಡಾಕ್ಟರ್, ರೆವರೆಂಡ್ ಎಲ್ಲ ಒಬ್ಬರದೇ! ಸಭೆಯಲ್ಲಿ ಇರುವುದು ಅವರು, ಅವರ ಹೆಂಡತಿ, ಒಂದು ಕೀಬೋರ್ಡು.

ಇನ್ನು ಕುರ್ಚಿಯ ವಿಷಯ. ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 3ನೇ ಅಧ್ಯಾಯದಲ್ಲಿ ಸಭೆಯ ಮೇಲ್ವಿಚಾರಕನಾಗುವವನು ಹೇಗಿರಬೇಕು ಎಂಬ ವಿವರ ಇದೆ. ಬಿಷಪ್ ಎಂಬ ಪದವಿ ಬೆಳೆದು ಬಂದದ್ದು ಇದರಿಂದಲೇ. ಕುಡುಕನಾಗಿರಬಾರದು, ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಮನೆಗೆ ಬಂದವರಿಗೆ ಊಟ ಹಾಕುವವನಾಗಿರಬೇಕು, ತನ್ನ ಮನೆಯನ್ನು ಸರಿಯಾಗಿ ನಡೆಸುವವನಾಗಿರಬೇಕು, ಹೊರಗಿನ ಜನರಲ್ಲೂ ಒಳ್ಳೆಯ ಹೆಸರಿರಬೇಕು. ಇಷ್ಟು ಉದ್ದದ ಪಟ್ಟಿಯಲ್ಲಿ ಕೌಶಲ ಎನ್ನಬಹುದಾದದ್ದು ಒಂದೇ: ಕಲಿಸಲು ಬರಬೇಕು. ರೋಗ ಗುಣಪಡಿಸುವುದು ಆ ಪಟ್ಟಿಯಲ್ಲಿ ಇಲ್ಲ. ಅನ್ಯಭಾಷೆ ಇಲ್ಲ. ದರ್ಶನ ಇಲ್ಲ. ವರಕ್ಕೆ ಒಂದು ಪಟ್ಟಿ, ಕುರ್ಚಿಗೆ ಇನ್ನೊಂದು ಪಟ್ಟಿ. ಎರಡನ್ನೂ ಬರೆದವರು ಬೇಕಂತಲೇ ಬೇರೆ ಇಟ್ಟಿದ್ದಾರೆ ಎಂದೇ ನಾವು ಓದುತ್ತೇವೆ.

ಹಾಲಿನ ಸೊಸೈಟಿಯಿಂದ ಉದಾಹರಣೆ ಕೊಡುತ್ತೇವೆ. ಊರಿನಲ್ಲಿ ಹೆಚ್ಚು ಹಾಲು ಕರೆಯುವವರು ಒಬ್ಬರಿರುತ್ತಾರೆ. ಅವರ ಎಮ್ಮೆಯೇ ಎಮ್ಮೆ. ಹಾಗಂತ ಫ್ಯಾಟ್ ನೋಡುವ ಮಿಷನ್ನು, ವಾರದ ಬಟವಾಡೆ, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ಅವರ ಕೈಗೇ ಕೊಡುತ್ತೇವೆಯೇ? ಹಾಗೆಯೇ ಸೊಸೈಟಿ ಕಾರ್ಯದರ್ಶಿ ಹಾಲು ನಾನೇ ಕೊಡುತ್ತಿದ್ದೇನೆ ಎನ್ನುವಂತಿಲ್ಲ. ಇದು ಊರಿನ ಎಲ್ಲರಿಗೂ ಗೊತ್ತು. ಚರ್ಚಿನ ಮೆಟ್ಟಿಲು ಹತ್ತಿದ ಕೂಡಲೇ ಮರೆತುಹೋಗುತ್ತದೆ.

ಕುರ್ಚಿ ಹುಟ್ಟಿದ ಕಥೆಯೂ ಚೆನ್ನಾಗಿದೆ. ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ. ಜೆರುಸಲೇಮಿನ ಸಭೆಯಲ್ಲಿ ದಿನವೂ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂದು ದೂರು ಬಂತು. ಅಲ್ಲಿನವರೇ ಆದ ಹೀಬ್ರೂ ಮಾತಿನ ವಿಧವೆಯರಿಗೆ ಸಿಗುತ್ತಿತ್ತು. ಅಂದರೆ ಭಾಷೆ ನೋಡಿ ಬಡಿಸುತ್ತಿದ್ದರು. ಹನ್ನೆರಡು ಮಂದಿ ಅಪೊಸ್ತಲರು ನಾವು ದೇವರ ಮನುಷ್ಯರು, ನಮ್ಮನ್ನು ಕೇಳಬೇಡಿ ಎನ್ನಲಿಲ್ಲ. ಇಡೀ ಸಭೆ ಕರೆದು, ನೀವೇ ಏಳು ಜನರನ್ನು ಆರಿಸಿ ಎಂದರು. ಆರಿಸಿದ ಏಳೂ ಜನರ ಹೆಸರು ಗ್ರೀಕ್ ಹೆಸರುಗಳೇ. ದೂರು ಕೊಟ್ಟ ಕಡೆಯವರ ಕೈಗೇ ಸೌಟು ಕೊಟ್ಟರು! ಡೀಕನ್ ಎಂಬ ಸಭಾಸೇವಕರ ಹುದ್ದೆಯ ಮೂಲವನ್ನು ಸಭೆಗಳು ಇಲ್ಲಿಯೇ ಗುರುತಿಸುತ್ತವೆ. ಲೆಕ್ಕ ಕೇಳಿದ್ದರಿಂದ ಹುಟ್ಟಿದ ಹುದ್ದೆ ಅದು. ಲೆಕ್ಕ ಕೇಳುವುದು ದೇವದೂಷಣೆ ಎನ್ನುವ ಬ್ರದರ್‌ಗಳು ಆ ಅಧ್ಯಾಯ ಒಮ್ಮೆ ಓದಲಿ.

ಬೈಬಲ್ಲಿನಲ್ಲಿ ಸೇರದ, ಆದರೆ ಬಹಳ ಹಳೆಯದಾದ ಇನ್ನೊಂದು ಪುಸ್ತಕ ಇದೆ, ದಿದಾಖೆ ಎಂದು. ಮೊದಲ ಶತಮಾನದ ಕೊನೆ ಅಥವಾ ಎರಡನೇ ಶತಮಾನದ ಆರಂಭದ್ದು ಎನ್ನುತ್ತಾರೆ. ಕಳೆದೇಹೋಗಿತ್ತು, 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ಊರೂರು ತಿರುಗುವ ಪ್ರವಾದಿಗಳನ್ನು ಹೇಗೆ ಗುರುತಿಸಬೇಕು ಎಂಬುದಕ್ಕೆ ನೇರ ನಿಯಮಗಳಿವೆ. ಬಂದವನು ಒಂದು ದಿನ ಇರಲಿ, ಬೇಕಾದರೆ ಎರಡು ದಿನ ಇರಲಿ, ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೋಗುವಾಗ ರೊಟ್ಟಿ ಕೊಡಿ, ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮ ತುಂಬಿದವನಂತೆ ನಿಂತು ನನಗೆ ದುಡ್ಡು ಕೊಡಿ ಎಂದರೆ ಕಿವಿಗೊಡಬೇಡಿ, ಬಡವರಿಗಾಗಿ ಕೇಳಿದರೆ ಮಾತ್ರ ಸರಿ. ಹತ್ತೊಂಬತ್ತು ಶತಮಾನದ ಹಿಂದಿನ ಸಭೆಗಳಿಗೂ ಇದೇ ತಲೆನೋವು ಇತ್ತು ಎಂದು ಓದಿದಾಗ ನಮಗೆ ನಗು ಬಂತು, ಸ್ವಲ್ಪ ಸಮಾಧಾನವೂ ಆಯಿತು.

ಈಗ ಕಮಿಟಿಯವರ ಕಡೆ ತಿರುಗೋಣ. ಇಷ್ಟು ಓದಿ ಅವರು ಖುಷಿಯಾಗಿದ್ದರೆ ಸ್ವಲ್ಪ ತಡೆಯಿರಿ.

ನಮ್ಮ ನಾಡಿನ ಸಭೆಗಳ ಚರಿತ್ರೆಯಲ್ಲಿ ಕುರ್ಚಿ ಇದ್ದವರ ಹೆಸರು ಉಳಿದಿದೆ, ಕೆಲಸ ಮಾಡಿದವರ ಹೆಸರು ಹೋಗಿದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷದಲ್ಲಿ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಹೆಬಿಕ್, ಮೋಗ್ಲಿಂಗ್, ಕಿಟ್ಟೆಲ್ ಹೆಸರು ನಿಘಂಟಿನ ಕಾರಣಕ್ಕೋ ಪತ್ರಿಕೆಯ ಕಾರಣಕ್ಕೋ ಎಲ್ಲರಿಗೂ ಗೊತ್ತು. ಆದರೆ ಹಳ್ಳಿ ಹಳ್ಳಿ ನಡೆದು, ಜಗಲಿಯ ಮೇಲೆ ಮಕ್ಕಳಿಗೆ ಅಕ್ಷರ ಕಲಿಸಿ, ಸತ್ತವರನ್ನು ಮಣ್ಣು ಮಾಡಿ, ಜಗಳ ಬಿಡಿಸಿದವರು ಉಪದೇಶಿಗಳು. ನಮ್ಮದೇ ಭಾಷೆಯ, ನಮ್ಮದೇ ಊರುಗಳ ಜನ. ಅವರಿಗೆ ಗುರುದೀಕ್ಷೆ ಇರಲಿಲ್ಲ, ದೀಕ್ಷಾಸ್ನಾನ ಕೊಡಲು, ಕರ್ತನ ಭೋಜನ ನಡೆಸಲು ದೀಕ್ಷೆ ಪಡೆದ ಪಾದ್ರಿ ಬರಬೇಕು. 1844ರಲ್ಲಿ ಕ್ರೈಸ್ತರಾದ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರು ಬಾಸೆಲ್‌ಗೇ ಹೋಗಿ ಓದಿ 1851ರಲ್ಲಿ ದೀಕ್ಷೆ ಪಡೆದರು. ಅವರಂಥವರು ಬೆರಳೆಣಿಕೆ. ಉಳಿದ ಉಪದೇಶಿಗಳು ಉಪದೇಶಿಗಳಾಗಿಯೇ ಸತ್ತರು. ಹೆಂಗಸರ ನಡುವೆ ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ವುಮನ್‌ಗಳ ಹೆಸರಂತೂ ಎಷ್ಟೋ ಕಡೆ ಬರೆದೂ ಇಲ್ಲ. ವರ ಇತ್ತು, ಕುರ್ಚಿ ಇರಲಿಲ್ಲ.

ವರ ಇದ್ದು ಕುರ್ಚಿ ಇಲ್ಲದವರಲ್ಲಿ ನಮಗೆ ಬಹಳ ದೊಡ್ಡವರಾಗಿ ಕಾಣುವವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಎಂದೇ ಎಲ್ಲರೂ ಅಂದುಕೊಂಡಿದ್ದಾರೆ. ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿ ಊರವರ ಸಿಟ್ಟಿಗೆ ಗುರಿಯಾದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಆದ ಮೇಲೂ ಗುರುಗಳು ಹೇಳಿದರು ಎಂಬ ಒಂದೇ ಕಾರಣಕ್ಕೆ ಒಪ್ಪುವವರಲ್ಲ. ತಮ್ಮನ್ನು ನೋಡಿಕೊಳ್ಳುತ್ತಿದ್ದ ಆಂಗ್ಲಿಕನ್ ಸಿಸ್ಟರ್‌ಗಳ ಜೊತೆ ಪತ್ರಗಳಲ್ಲಿ ಉದ್ದಕ್ಕೂ ವಾದ ಮಾಡಿದ್ದಾರೆ. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಬರಗಾಲದಲ್ಲಿ ಸಿಕ್ಕ ಹೆಣ್ಣುಮಕ್ಕಳು, ಬಾಲವಿಧವೆಯರು, ಒಂದು ಸಾವಿರಕ್ಕೂ ಹೆಚ್ಚು ಜನ. ನೇಯ್ಗೆ, ಎಣ್ಣೆ ಗಾಣ, ಮುದ್ರಣಾಲಯ ಎಲ್ಲ ಅವರ ಕೈಯಲ್ಲೇ.

1905ರಲ್ಲಿ ಅಲ್ಲಿ ದೊಡ್ಡ ಆತ್ಮಿಕ ಉಜ್ಜೀವನ ಆಯಿತು. ಹುಡುಗಿಯರು ಗುಂಪುಗುಂಪಾಗಿ ಪ್ರಾರ್ಥಿಸಿದರು, ಅತ್ತರು, ಅನ್ಯಭಾಷೆ ಮಾತಾಡಿದರು ಎಂದೂ ಆಮೇಲೆ ವರದಿಯಾಯಿತು. ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಪೆಂಟೆಕೋಸ್ಟ್ ಚಳವಳಿಗೆ ಹೆಸರು ಬಂದದ್ದು 1906ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಇದು. ನಮ್ಮ ಬ್ರದರ್‌ಗಳು ಅಮೆರಿಕದ ಬೋಧಕರ ವಿಡಿಯೊ ತೋರಿಸುತ್ತಾರೆ, ಘಟ್ಟದ ಮೇಲೆ ಹುಟ್ಟಿದ ಈ ಹೆಂಗಸಿನ ಹೆಸರು ಹೇಳುವುದಿಲ್ಲ. ರಮಾಬಾಯಿಗೆ ಗುರುದೀಕ್ಷೆ ಇರಲಿಲ್ಲ. ಆದರೆ ಅವರ ಮೊದಲ ಶಾಲೆಗೆ ಹಣ ಕೊಡುತ್ತಿದ್ದ ಬೋಸ್ಟನ್ನಿನ ಸಂಘಕ್ಕೆ ವರ್ಷ ವರ್ಷ ವರದಿ ಹೋಗುತ್ತಿತ್ತು. ಮೂಲ ಹೀಬ್ರೂ, ಗ್ರೀಕಿನಿಂದ ಇಡೀ ಬೈಬಲನ್ನು ಮರಾಠಿಗೆ ತಂದು 1922ರಲ್ಲಿ ತೀರಿಕೊಂಡರು. ಮಗಳು ಮನೋರಮಾ ನಮ್ಮ ಗುಲ್ಬರ್ಗಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು, ತಾಯಿಗಿಂತ ಒಂದು ವರ್ಷ ಮೊದಲೇ ಹೋದರು. ಇಷ್ಟೆಲ್ಲ ವರ ಇದ್ದವರೂ ಲೆಕ್ಕ ಕೊಟ್ಟಿದ್ದಾರೆ. ತಿಂಗಳ ಕಾಣಿಕೆ ಎಣಿಸಿ ಗೋಡೆಗೆ ಒಂದು ಚೀಟಿ ಅಂಟಿಸಲು ನಮ್ಮವರಿಗೆ ಏನು ಕಷ್ಟ?

ಸಭೆಗಳು ಈ ಪ್ರಶ್ನೆಯನ್ನು ಸುಲಭಕ್ಕೆ ಬಗೆಹರಿಸಿಕೊಂಡಿಲ್ಲ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ಮಾತುಕತೆ ಶುರುವಾದದ್ದು 1919ರಲ್ಲಿ ತರಂಗಂಬಾಡಿಯಲ್ಲಿ. ಇಪ್ಪತ್ತೆಂಟು ವರ್ಷ ಎಳೆದದ್ದರಲ್ಲಿ ದೊಡ್ಡ ಪಾಲು ಬಿಷಪ್ ಬೇಕೇ, ಯಾರು ಯಾರಿಗೆ ದೀಕ್ಷೆ ಕೊಡಬಹುದು ಎಂಬ ವಾದಕ್ಕೇ ಹೋಯಿತು. ಆ ಸಭೆಯಲ್ಲಿ ಹೆಂಗಸರಿಗೆ ದೀಕ್ಷೆ ಕೊಡಲು ಶುರುಮಾಡಿದ್ದು 1970ರ ದಶಕದಲ್ಲಿ. ಮೊದಲ ಮಹಿಳಾ ಬಿಷಪ್ ಆಗಿ ಆಂಧ್ರದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಂದದ್ದು 2013ರಲ್ಲಿ. ಕ್ಯಾಥೋಲಿಕರಲ್ಲಿ ಹೆಂಗಸರಿಗೆ ಯಾಜಕ ದೀಕ್ಷೆ ಇಲ್ಲ, ಆದರೆ 2021ರಲ್ಲಿ ಪೋಪ್ ಫ್ರಾನ್ಸಿಸ್ ಪೀಠದ ಬಳಿ ವಾಚನ ಮತ್ತು ಸೇವೆಯ ಹೊಣೆಯನ್ನು ಅಧಿಕೃತವಾಗಿ ಹೆಂಗಸರಿಗೂ ತೆರೆದರು, ಉಪದೇಶಿಯ ಕೆಲಸವನ್ನೂ ಅದೇ ವರ್ಷ ಒಂದು ಅಧಿಕೃತ ಸೇವೆಯಾಗಿ ಮಾಡಿದರು. ಪೌಲನ ರೋಮಾಪುರದ ಪತ್ರದ ಕೊನೆಯಲ್ಲಿ ಫೊಯಿಬೆ ಎಂಬ ಸಭಾಸೇವಕಿ ಇದ್ದಾಳೆ. ಕೊರಿಂಥದ ಬಂದರಾದ ಕೆಂಖ್ರೆಯ ಸಭೆಯವಳು. ಹೆಂಗಸರಿಗೆ ಕಮಿಟಿ ಯಾಕೆ ಎನ್ನುವವರು ಆ ಅಧ್ಯಾಯದ ಮೊದಲ ಎರಡು ವಚನ ಓದಿದರೆ ಸಾಕು.

ಈಗ ನಮ್ಮದೇ ತಪ್ಪು ಹೇಳಬೇಕು. ಇದನ್ನು ಬರೆಯದೆ ಬೇರೆಯವರಿಗೆ ಬುದ್ಧಿ ಹೇಳುವ ಹಾಗಿಲ್ಲ.

ಕೆಲವು ವರ್ಷದ ಹಿಂದೆ ಒಂದು ಮೈದಾನದಲ್ಲಿ ಸ್ವಸ್ಥತಾ ಕೂಟ ನಡೆಯಿತು. ನಾವು ವರದಿಗೆ ಹೋದೆವು. ವೇದಿಕೆಯ ಮೇಲೆ ಒಬ್ಬರು ನನ್ನ ಸಕ್ಕರೆ ಕಾಯಿಲೆ ಹೋಯಿತು ಎಂದು ಸಾಕ್ಷಿ ಹೇಳಿದರು. ಚಪ್ಪಾಳೆ, ಹಾಡು, ಒಳ್ಳೆಯ ಫೋಟೊ. ನಾವು ಅದನ್ನು ಹಾಗೆಯೇ ಬರೆದು ಕಳುಹಿಸಿದೆವು. ರಕ್ತ ಪರೀಕ್ಷೆಯ ಚೀಟಿ ಇದೆಯೇ ಎಂದು ಕೇಳಲಿಲ್ಲ, ವೈದ್ಯರನ್ನು ಕೇಳಲಿಲ್ಲ. ಡಿಪ್ಲೊಮಾದಲ್ಲಿ ಕಲಿಸಿದ ಮೊದಲ ಪಾಠವೇ ಅದು, ಇನ್ನೊಬ್ಬರನ್ನೂ ಕೇಳು ಎಂಬುದು. ಸಂಜೆ ಆರಕ್ಕೆ ಸುದ್ದಿ ಹೋಗಬೇಕಿತ್ತು, ಹೋಯಿತು.

ನಮ್ಮ ಚಿಕ್ಕಪ್ಪನ ಗೆಳೆಯರೊಬ್ಬರು ಆ ತುಂಡು ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡರು. ಮುಂದಿನ ಕೂಟಕ್ಕೆ ಹೋದರು, ಮಾತ್ರೆ ಬಿಟ್ಟರು. ಐದಾರು ತಿಂಗಳಲ್ಲಿ ಕಾಲಿನ ಹುಣ್ಣು ಮಾಗದೆ ಎರಡು ಬೆರಳು ತೆಗೆದರು. ನೋಡಲು ಹೋದಾಗ ಅವರು ನಮ್ಮನ್ನು ಬೈಯಲಿಲ್ಲ. "ಪೇಪರ್‌ನಾಗ ಬಂದಿತ್ತಲ್ಲ ತಮ್ಮಾ, ಖರೇ ಇರತೈತಿ ಅಂದ್ಕೊಂಡೆ" ಎಂದರು. ಬರೆದವರು ನಾವೇ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾವು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಪ್ರಾರ್ಥನೆಯಿಂದ ಗುಣವಾಗುವುದಿಲ್ಲ ಎಂದು ನಾವು ವಾದಿಸುತ್ತಿಲ್ಲ. ನಮ್ಮ ಮನೆಯಲ್ಲೂ ಜ್ವರ ಬಂದರೆ ಪ್ರಾರ್ಥನೆ ಮಾಡುತ್ತೇವೆ, ಆಮೇಲೆ ಮಾತ್ರೆಯನ್ನೂ ನುಂಗುತ್ತೇವೆ. ಮಾತ್ರೆ ಬಿಡಿ ಎಂದು ಹೇಳುವ ಅಧಿಕಾರ ಯಾವ ವರದಲ್ಲೂ ಇಲ್ಲ ಎಂಬುದಷ್ಟೇ ಮಾತು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿಗೆ ಸಂಬಂಧಿಸಿದ 1954ರ ಕಾನೂನು ಒಂದಿದೆ. ಸಕ್ಕರೆ ಕಾಯಿಲೆ ಅದರ ಪಟ್ಟಿಯಲ್ಲಿದೆ. ಮಂತ್ರ ತಾಯಿತದಿಂದ ಇಂಥ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು ಅಪರಾಧ, ಯಾವ ಧರ್ಮದವರು ಕೊಟ್ಟರೂ. ಕೊರಿಂಥದ ಪತ್ರದ 14ನೇ ಅಧ್ಯಾಯದಲ್ಲೂ ಪ್ರವಾದನೆ ಹೇಳಿದರೆ ಉಳಿದವರು ಅದನ್ನು ತೂಗಿ ನೋಡಬೇಕು ಎಂದಿದೆ. ತೂಗುವವರು ಇಲ್ಲದ ಕಡೆ ವರ ಅಪಾಯ. ಅಲ್ಲಿ ತೂಗಬೇಕಾದವರಲ್ಲಿ ನಾವೂ ಒಬ್ಬರಿದ್ದೆವು.

ಮತ್ತೆ ಬೀಗದ ಊರಿಗೆ ಬರೋಣ. ಆ ಬ್ರದರ್‌ಗೆ ವರ ಇಲ್ಲ ಎಂದು ಹೇಳಲು ನಮಗೆ ಧೈರ್ಯವಿಲ್ಲ, ಕುಡಿತ ಬಿಟ್ಟ ಗಂಡಸರು ಕಣ್ಣೆದುರು ಇದ್ದಾರೆ. ಅವರು ಪ್ರಾರ್ಥಿಸಲಿ, ಹಾಡಲಿ, ರೋಗಿಗಳ ಮನೆಗೆ ಹೋಗಲಿ. ಹಣದ ಡಬ್ಬಿ, ಜಾಗದ ಕಾಗದ ಮುಟ್ಟದಿರಲಿ. ಚರ್ಚಿನ ಜಾಗದ ಖಾತೆ ಯಾರ ಹೆಸರಿನಲ್ಲಿದೆ ಎಂದು ಪ್ರತಿ ಊರಿನ ಸದಸ್ಯರೂ ಪಂಚಾಯಿತಿಗೆ ಹೋಗಿ ಒಮ್ಮೆ ನೋಡಿ ಬನ್ನಿ ಎಂದು ನಾವು ಕೈಮುಗಿದು ಕೇಳುತ್ತೇವೆ. ಸಭೆ ಸಂಘವಾಗಿ ನೋಂದಣಿಯಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯಬೇಕು, ಲೆಕ್ಕ ಪರಿಶೋಧನೆಯಾಗಬೇಕು. ಲೆಕ್ಕ ಕೇಳುವುದು ಸದಸ್ಯರ ಹಕ್ಕು, ಬ್ರದರ್‌ಗೂ ಕೇಳಬಹುದು, ಕಾರ್ಯದರ್ಶಿಗೂ ಕೇಳಬಹುದು. ಕಾರ್ಯದರ್ಶಿಯವರ ಬಳಿ ನಾವು ಹಳೆಯ ಲೆಕ್ಕ ಕೇಳಿದಾಗ, ಬ್ರದರ್ ಬರುವುದಕ್ಕಿಂತ ಮೊದಲಿನ ನಾಲ್ಕು ವರ್ಷದ್ದು, ಪುಸ್ತಕ ಅಣ್ಣನ ಮನೆಯಲ್ಲಿದೆ ಎಂದರು. ಅಣ್ಣನ ಮನೆ ಎರಡು ಓಣಿ ಆಚೆ. ಪುಸ್ತಕ ಇನ್ನೂ ಬಂದಿಲ್ಲ.

ಪಾಸ್ಟರ್‌ಗಳನ್ನು ಕಳುಹಿಸುವ ಮೇಲಿನವರಿಗೂ ಒಂದು ಮಾತು. ಆರು ಹಳ್ಳಿಗೆ ಒಬ್ಬರನ್ನು ಬೈಕ್ ಮೇಲೆ ಬಿಟ್ಟು, ಉಳಿದ ಮೂರು ಭಾನುವಾರ ಜನ ಸುಮ್ಮನೆ ಕೂತಿರುತ್ತಾರೆ ಎಂದುಕೊಂಡರೆ ಹೇಗೆ? ಖಾಲಿ ಕುರ್ಚಿಯಲ್ಲಿ ಯಾರೋ ಒಬ್ಬರು ಬಂದು ಕೂತೇ ಕೂರುತ್ತಾರೆ. ಆ ಊರಿನಲ್ಲೇ ಇರುವವರನ್ನು ಗುರುತಿಸಿ, ಕಲಿಸಿ, ಜವಾಬ್ದಾರಿ ಕೊಟ್ಟಿದ್ದರೆ ಎರಡನೇ ಬೀಗ ಬೀಳುತ್ತಿರಲಿಲ್ಲ.

ಅಂಥವರು ಒಬ್ಬರು ಅಲ್ಲಿದ್ದಾರೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಊರಿನವರೆಲ್ಲ ಆಯಿ ಎನ್ನುತ್ತಾರೆ. ಮೂವತ್ತು ವರ್ಷದಿಂದ ಶನಿವಾರ ಸಂಜೆ ಚರ್ಚು ಗುಡಿಸಿ, ಭಾನುವಾರ ಗಂಟೆ ಹೊಡೆಯುವವರು ಅವರೇ. ಯಾರ ಮನೆಯಲ್ಲಿ ಸಾವು ಹತ್ತಿರವಾದರೂ ಆಯಿ ಹೋಗಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ, ಸಣ್ಣ ದನಿಯಲ್ಲಿ ಹಾಡುತ್ತಾರೆ. ಕ್ರೈಸ್ತರ ಮನೆ, ಬೇರೆಯವರ ಮನೆ ಎಂದು ನೋಡುವುದಿಲ್ಲ. ಓದಲು ಬರುವುದಿಲ್ಲ, ಕೀರ್ತನೆಗಳು ಬಾಯಿಗೆ ಬರುತ್ತವೆ. ಈಗ ಒಂಬತ್ತರ ಗುಂಪಿಗೂ ಚಾಪೆ ಹಾಸುತ್ತಾರೆ, ಹನ್ನೊಂದರ ಗುಂಪಿಗೂ ಅದೇ ಚಾಪೆ.

ನೀವು ಯಾರ ಕಡೆ ಆಯಿ ಎಂದು ಕೇಳಿದೆವು.

"ಯಾರ ಕಡೇನೂ ಅಲ್ಲಪ್ಪಾ. ಒಳಗ ದೂಳು ಎಷ್ಟು ಕೂತಿರತೈತೋ ಏನೋ" ಎಂದರು.

ಮುಂದಿನ ತಿಂಗಳು ಸರ್ವ ಸದಸ್ಯರ ಸಭೆ ಕರೆದಿದ್ದಾರೆ. ಪೊಲೀಸರು, ಪಾಸ್ಟರ್ ಇಬ್ಬರೂ ಕೂತು ಒಪ್ಪಿಸಿದ್ದು. ಹೊಸ ಕಮಿಟಿಗೆ ಚುನಾವಣೆ. ಮತದಾರರ ಪಟ್ಟಿಯ ಪ್ರತಿಯನ್ನು ಕಾರ್ಯದರ್ಶಿಯವರು ನಮಗೆ ತೋರಿಸಿದರು. ಬ್ರದರ್ ಹೆಸರು ಇದೆ, ಕಳೆದ ವರ್ಷ ಸೇರಿದ್ದು. ಅಣ್ಣನ ಹೆಸರು ಇದೆ. ಆಯಿಯ ಹೆಸರು ಇಲ್ಲ. ಯಾಕೆ ಎಂದು ಕೇಳಿದೆವು. ಮೂರು ವರ್ಷದ ಚಂದಾ ಬಾಕಿ ಅಂತೆ, ನಿಯಮದಲ್ಲಿ ಹಾಗೇ ಇದೆ ಅಂತೆ.

ಎಷ್ಟು ಬಾಕಿ ಎಂದೆವು.

ಅವರು ಪಟ್ಟಿ ಮಡಚಿ ಜೇಬಿಗೆ ಇಟ್ಟುಕೊಂಡು, "ಅದನ್ನೆಲ್ಲಾ ಮೀಟಿಂಗ್‌ನಾಗ ನೋಡೋಣ ಬಿಡ್ರಿ" ಎಂದರು.